ಜಾಲತಾಣದಲ್ಲಿ ಬ್ರ್ಯಾಂಡ್‌ಗಳ ಹೊಸ ವಿನ್ಯಾಸ: ಕನ್ನಡದ ಸಣ್ಣ ವ್ಯಾಪಾರಕ್ಕೆ ಯಾವುದು ಹೊಂದೀತು?

ಇಳಕಲ್ ಮಗ್ಗ

ಎಲ್ಲರಿಗೂ ನಮಸ್ಕಾರ. ನಮ್ಮದು ಬಾಗಲಕೋಟೆ ಜಿಲ್ಲೆಯ ಇಳಕಲ್. ಮನೆಯಲ್ಲಿ ಹಿರಿಯರ ಕಾಲದಿಂದ ಕೈಮಗ್ಗದ ಸೀರೆಯ ವ್ಯಾಪಾರವಿದೆ. ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್ ಪುಟಗಳನ್ನು ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಷ್ಟು ದಿನ ಎಲ್ಲರೂ ಮಾಡುವಂತೆಯೇ ಮಾಡಿಕೊಂಡು ಬಂದೆವು: ಕೆನೆಬಣ್ಣದ ಹಿನ್ನೆಲೆ, ಮಡಿಸಿಟ್ಟ ಸೀರೆ, ಪಕ್ಕದಲ್ಲಿ ಒಣಹೂವಿನ ಒಂದು ಕಡ್ಡಿ, ಮೂಲೆಯಲ್ಲಿ ತೆಳುವಾದ ಇಂಗ್ಲಿಷ್ ಅಕ್ಷರಗಳಲ್ಲಿ ನಮ್ಮ ಹೆಸರು. ನೋಡಲು ಚೆನ್ನಾಗಿಯೇ ಇದೆ. ಆದರೆ ಹೆಸರನ್ನು ಬೆರಳಿನಿಂದ ಮುಚ್ಚಿದರೆ ಅದು ಇಳಕಲ್ಲಿನವರ ಪುಟವೋ, ಜೈಪುರದವರ ಪುಟವೋ, ಸುಗಂಧದ ಮೇಣದಬತ್ತಿ ಮಾರುವವರ ಪುಟವೋ ಎಂದು ಹೇಳುವುದು ನನಗೇ ಕಷ್ಟ.

ಈಚೆಗೆ ಒಂದು ಜಾಹೀರಾತು ಸಂಸ್ಥೆಯವರು ಬಂದು, ಈ ಶೈಲಿ ಹಳತಾಯಿತು, ಈಗ ನಡೆಯುತ್ತಿರುವುದು ಗಾಢ ಬಣ್ಣ, ಪರದೆ ತುಂಬುವ ಅಕ್ಷರ, ಕುಣಿಯುವ ಅಕ್ಷರ ಮತ್ತು ಎಐ ರೂಪದರ್ಶಿಗಳು ಎಂದು ಹೇಳಿ ಹೋದರು. ಅವರ ಮಾದರಿಗಳನ್ನು ನೋಡಿದಾಗ ಕನ್ನಡದ ಸಾಲುಗಳೆಲ್ಲ ಇಂಗ್ಲಿಷ್ ಚೌಕಟ್ಟಿನೊಳಗೆ ತುರುಕಿದಂತೆ ಕಂಡವು. ಜೊತೆಗೆ 2025ರ ಜನವರಿಯಲ್ಲಿ ಇನ್‌ಸ್ಟಾಗ್ರಾಂ ತನ್ನ ಪ್ರೊಫೈಲ್ ಪುಟದ ಚೌಕಗಳನ್ನು ಉದ್ದ ಮಾಡಿದ ಮೇಲೆ ನಮ್ಮ ಹಳೆಯ ಪೋಸ್ಟ್‌ಗಳ ಅಂಚೆಲ್ಲ ಕತ್ತರಿಸಿ ಹೋಗಿದೆ. ಎಡತುದಿಯಲ್ಲಿದ್ದ ಊರಿನ ಹೆಸರಿನ ಮೊದಲಕ್ಷರವೂ ಬಲತುದಿಯಲ್ಲಿದ್ದ ಬೆಲೆಯ ಕೊನೆಯ ಸೊನ್ನೆಯೂ ಈಗ ಕಾಣುವುದಿಲ್ಲ. ಈ ಹೊಸ ಶೈಲಿಗಳಲ್ಲಿ ಬಾಳಿಕೆ ಬರುವಂಥದ್ದು ಯಾವುದು, ಕನ್ನಡಕ್ಕೆ ಒಗ್ಗುವಂಥದ್ದು ಯಾವುದು ಎಂದು ಅನುಭವಸ್ಥರು ತಿಳಿಸಿದರೆ ಉಪಕಾರವಾಗುತ್ತದೆ.

ಜಯನಗರದ ವಿನ್ಯಾಸಕ

ಮೊದಲು ಅಳತೆಯ ವಿಷಯ ಮುಗಿಸೋಣ, ಏಕೆಂದರೆ ಶೈಲಿಯ ಚರ್ಚೆಗಿಂತ ಮೊದಲು ಅದು ಸರಿಯಾಗಬೇಕು. ಇನ್‌ಸ್ಟಾಗ್ರಾಂ 2010ರಲ್ಲಿ ಚೌಕದ ಚಿತ್ರಗಳ ಆ್ಯಪ್ ಆಗಿ ಶುರುವಾಯಿತು. 2015ರವರೆಗೆ ಬೇರೆ ಆಕಾರಕ್ಕೆ ಅವಕಾಶವೇ ಇರಲಿಲ್ಲ, ಹಾಗಾಗಿ ಒಂದು ತಲೆಮಾರಿನ ವಿನ್ಯಾಸಕರ ಕಣ್ಣು ಚೌಕಕ್ಕೇ ಪಳಗಿತು. ಈಗ ಪ್ರೊಫೈಲ್ ಪುಟ 3:4ರ ಪ್ರಮಾಣದಲ್ಲಿದೆ. 1080 ಪಿಕ್ಸೆಲ್ ಅಗಲದ ಹಳೆಯ ಚೌಕವನ್ನು ಆ ಕಿಂಡಿಯಲ್ಲಿ ನೋಡಿದರೆ 810 ಪಿಕ್ಸೆಲ್ ಮಾತ್ರ ಕಾಣುತ್ತದೆ, ಎರಡೂ ಬದಿಯಲ್ಲಿ 135 ಪಿಕ್ಸೆಲ್ ಹೋಗುತ್ತದೆ. ನಿಮ್ಮ ಬೆಲೆಯ ಸೊನ್ನೆ ಕಾಣೆಯಾಗಿರುವುದು ಅಲ್ಲಿಯೇ. 1080x1350ರ ಪೋಸ್ಟ್ ಆದರೆ ಬದಿಗೆ ಸುಮಾರು 34 ಪಿಕ್ಸೆಲ್ ಮಾತ್ರ ನಷ್ಟ. ರೀಲ್ ಮುಖಪುಟದಲ್ಲಿ ಮೇಲೆ ಮತ್ತು ಕೆಳಗೆ 240ರಷ್ಟು ಕತ್ತರಿಸುತ್ತದೆ. ರೀಲ್ ಓಡುವಾಗಲಂತೂ ಕೆಳಗಿನ ಮೂರನೆಯ ಒಂದು ಭಾಗದಷ್ಟು ಜಾಗವನ್ನು ಖಾತೆಯ ಹೆಸರು, ವಿವರಣೆ ಮತ್ತು ಗುಂಡಿಗಳು ಆಕ್ರಮಿಸುತ್ತವೆ. ಆದ್ದರಿಂದ ಮುಖ್ಯ ಅಕ್ಷರಗಳೆಲ್ಲ ನಡುವೆಯೇ ಇರಬೇಕು, ಅಂಚಿಗೆ ನೇಯ್ಗೆಯ ವಿನ್ಯಾಸವೋ ಬಣ್ಣವೋ ಇದ್ದರೆ ಸಾಕು.

ಇನ್ನು ಶೈಲಿ. ಕೆನೆಬಣ್ಣದ ನಿಶ್ಶಬ್ದ ವಿನ್ಯಾಸ ಹಳತಾಯಿತು ಎನ್ನುವುದರಲ್ಲಿ ಸತ್ಯಾಂಶವಿದೆ, ಆದರೆ ಕಾರಣ ಫ್ಯಾಶನ್ ಅಲ್ಲ. ಹತ್ತು ವರ್ಷಗಳ ಹಿಂದೆ ಅಚ್ಚುಕಟ್ಟಾದ, ಖಾಲಿ ಜಾಗ ಹೆಚ್ಚಿರುವ ಪುಟ ಎಂದರೆ ಹಿಂದೆ ಒಬ್ಬ ವಿನ್ಯಾಸಕನಿದ್ದಾನೆ, ಖರ್ಚು ಮಾಡಿದ್ದಾರೆ ಎಂದು ಅರ್ಥವಾಗುತ್ತಿತ್ತು. ಕ್ಯಾನ್ವಾದಂತಹ ಸಾಧನಗಳು ಬಂದು ಅದೇ ಅಚ್ಚುಕಟ್ಟನ್ನು ಎಲ್ಲರಿಗೂ ಪುಕ್ಕಟೆಯಾಗಿ ಹಂಚಿದ ಮೇಲೆ ಅದಕ್ಕಿದ್ದ ಆ ಬೆಲೆ ಹೋಯಿತು. ದೊಡ್ಡ ಬ್ರ್ಯಾಂಡ್‌ಗಳಲ್ಲೂ ಇದೇ ನಡೆಯಿತು. ಬ್ರಿಟನ್ನಿನ ಉಡುಪಿನ ಬ್ರ್ಯಾಂಡ್ ಬರ್ಬೆರಿ 2018ರಲ್ಲಿ ತನ್ನ ಹೆಸರನ್ನು ಸಪಾಟಾದ ದಪ್ಪಕ್ಷರಕ್ಕೆ ಇಳಿಸಿತ್ತು, 2023ರಲ್ಲಿ ಮತ್ತೆ ಕುದುರೆ ಸವಾರನ ಹಳೆಯ ಲಾಂಛನಕ್ಕೆ ಮರಳಿತು. ಬರ್ಗರ್ ಕಿಂಗ್ 2021ರಲ್ಲಿ, ಪೆಪ್ಸಿ 2023ರಲ್ಲಿ ತಮ್ಮ ಹಿಂದಿನ ದಶಕಗಳ ರೂಪವನ್ನೇ ತಿದ್ದಿ ತೀಡಿ ಹೊರತಂದವು. ಎಲ್ಲರೂ ಒಂದೇ ತರಹ ಕಾಣತೊಡಗಿದಾಗ ಹಳೆಯ ಗುರುತುಳ್ಳವರು ಅದರ ಕಡೆಗೇ ಓಡಿದರು ಎಂದು ನಾನು ಓದಿಕೊಳ್ಳುತ್ತೇನೆ.

ಹಾಗಾಗಿ ಈಗ ಕಣ್ಣಿಗೆ ಬೀಳುವ ಪೋಸ್ಟ್‌ಗಳಲ್ಲಿ ಕೈ ತಾಗಿದ ಗುರುತುಗಳು ಹೆಚ್ಚು: ಕಾಗದದ ಒರಟು, ಸ್ಕ್ಯಾನ್ ಮಾಡಿದ ಬಟ್ಟೆ, ಅಂಚು ಏರುಪೇರಾದ ಅಕ್ಷರ, ಫ್ಲ್ಯಾಶ್ ಹಾಕಿ ತೆಗೆದ ಫೋಟೊ. ಯಂತ್ರವೇ ನುಣುಪಾದ ಚಿತ್ರ ಬರೆದುಕೊಡುವ ಕಾಲದಲ್ಲಿ ನುಣುಪು ಕಂಡರೆ ನೋಡುಗರಿಗೆ ಅನುಮಾನ ಬರುವುದು ಸಹಜವೇ. ನಿಮ್ಮ ಬಳಿ ಅಸಲಿ ನೇಯ್ಗೆಯೇ ಇರುವಾಗ ಒರಟನ್ನು ಎಲ್ಲಿಂದಲೂ ಎರವಲು ತರಬೇಕಾಗಿಲ್ಲ. ಪ್ಯಾಂಟೋನ್ ಸಂಸ್ಥೆಯವರು ವರ್ಷದ ಬಣ್ಣ ಎಂದು 2024ಕ್ಕೆ ಪೀಚ್ ಫಝ್, 2025ಕ್ಕೆ ಮೋಕಾ ಮೂಸ್ ಘೋಷಿಸಿದಾಗ ನಮ್ಮಲ್ಲಿ ಎಷ್ಟೋ ಪುಟಗಳು ರಾತ್ರೋರಾತ್ರಿ ಬಣ್ಣ ಬದಲಿಸಿದವು. ಗಿರಿ ಕುಂಕುಮ ಎಂಬ ಕೆಂಪು ಬಣ್ಣದ ಸೆರಗು ನೇಯುವವರಿಗೆ ಅದರಿಂದ ಆಗಬೇಕಾದದ್ದು ಏನೂ ಇಲ್ಲ.

ಅಚ್ಚುಮೊಳೆ

ವಿನ್ಯಾಸಕರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಮೂಲ ಪ್ರಶ್ನೆಯಲ್ಲಿದ್ದ ಒಂದು ಮಾತು ನನಗೆ ಎಲ್ಲಕ್ಕಿಂತ ಮುಖ್ಯವೆನಿಸಿತು. ಕನ್ನಡವನ್ನು ಇಂಗ್ಲಿಷ್ ಚೌಕಟ್ಟಿನೊಳಗೆ ತುರುಕಿದ್ದಾರೆ ಎಂದಿರಲ್ಲ, ಕನ್ನಡದ ಬ್ರ್ಯಾಂಡ್‌ಗಳ ಮಟ್ಟಿಗೆ ಈಗ ನಡೆಯಬೇಕಾದ ಬದಲಾವಣೆ ಇರುವುದೇ ಅಲ್ಲಿ. ಬಣ್ಣ, ಚೌಕಟ್ಟು, ಚಲನೆ ಎಲ್ಲವೂ ಅಕ್ಷರದ ನಂತರ ಬರಲಿ.

ಪರದೆ ತುಂಬುವ ಅಕ್ಷರ ಎಂಬ ಇಂದಿನ ಶೈಲಿ ಹುಟ್ಟಿದ್ದು ರೋಮನ್ ಲಿಪಿಯ ದೊಡ್ಡಕ್ಷರಗಳಿಂದ. ಅವು ಒಂದೇ ಎತ್ತರದ ಕಲ್ಲುಗಳ ಹಾಗೆ ಸಾಲಾಗಿ ನಿಲ್ಲುತ್ತವೆ, ಸಾಲಿನ ಮೇಲೆ ಸಾಲನ್ನು ಒತ್ತಾಗಿ ಪೇರಿಸಬಹುದು. ಕನ್ನಡದಲ್ಲಿ ಗುಣಿತದ ಚಿಹ್ನೆ ಮೇಲಕ್ಕೂ ಬಲಕ್ಕೂ ಚಾಚುತ್ತದೆ, ಒತ್ತಕ್ಷರ ಕೆಳಕ್ಕೆ ಇಳಿಯುತ್ತದೆ. ‘ಹಬ್ಬಕ್ಕೆ ಇಳಕಲ್ ಸೀರೆ’ ಎಂದು ಎರಡು ಸಾಲಿನಲ್ಲಿ ಬರೆದು ಇಂಗ್ಲಿಷಿಗೆ ಹಾಕುವಷ್ಟೇ ಸಾಲಂತರ ಹಾಕಿ ನೋಡಿ: ಮೇಲಿನ ಸಾಲಿನ ಬಒತ್ತು, ಕಒತ್ತುಗಳು ಕೆಳಗಿನ ‘ಸೀ’ಯ ದೀರ್ಘಕ್ಕೆ ಡಿಕ್ಕಿ ಹೊಡೆಯುತ್ತವೆ. ಇಂಗ್ಲಿಷಿಗೆ ಅಕ್ಷರದ ಅಳತೆಯ 1.2ರಷ್ಟು ಸಾಲಂತರ ಸಾಕಾದರೆ ಕನ್ನಡಕ್ಕೆ 1.4ರಿಂದ 1.6ರವರೆಗೆ ಬೇಕಾಗುತ್ತದೆ. ಹೀಗಾಗಿ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಹಿಡಿಸುವ ಜಾಗದಲ್ಲಿ ಕನ್ನಡದ ಮೂರೇ ಸಾಲು ಕೂರುತ್ತವೆ. ಇದನ್ನು ಕೊರತೆ ಎಂದುಕೊಳ್ಳದೆ ಮಾತನ್ನೇ ಚುಟುಕಾಗಿಸಿಕೊಂಡರೆ ಪೋಸ್ಟಿಗೂ ಲಾಭ.

ದಪ್ಪದ ವಿಷಯವೂ ಹೀಗೆಯೇ. ದ ಮತ್ತು ಧ, ಬ ಮತ್ತು ಭ, ಡ ಮತ್ತು ಢ ಇವುಗಳ ನಡುವಿನ ವ್ಯತ್ಯಾಸ ಕೆಳಗಿನ ಒಂದು ಸಣ್ಣ ಸೀಳು. ಅತಿ ದಪ್ಪದ ಅಕ್ಷರದಲ್ಲಿ ಆ ಸೀಳು ಮುಚ್ಚಿಕೊಂಡು ಮೊಬೈಲ್ ಪರದೆಯಲ್ಲಿ ‘ಧನ’ವೂ ‘ದನ’ವೂ ಒಂದೇ ಆಗಿಬಿಡುತ್ತವೆ. ಆಭರಣದ ಅಂಗಡಿಯ ದೀಪಾವಳಿ ಪೋಸ್ಟಿನಲ್ಲಿ ಇದು ಎಂಥ ಅನಾಹುತ ಎಂದು ನಾನು ವಿವರಿಸಬೇಕಾಗಿಲ್ಲ.

ಅಕ್ಷರ ವಿನ್ಯಾಸಗಳ ಬಗ್ಗೆ ಹೇಳುವುದಾದರೆ, ಹದಿನೈದು ವರ್ಷಗಳ ಹಿಂದಿನ ಬರಗಾಲ ಈಗಿಲ್ಲ. ಏಕ್ ಟೈಪ್ ತಂಡದ ಅನೇಕ್ ಕನ್ನಡದಲ್ಲಿ ದಪ್ಪವನ್ನೂ ಅಗಲವನ್ನೂ ಬೇಕಾದ ಹಾಗೆ ಹಿಗ್ಗಿಸಿ ಕುಗ್ಗಿಸಬಹುದು. ಕನ್ನಡದ ಅಗಲವಾದ ಅಕ್ಷರಗಳನ್ನು ಎತ್ತಿ ಹಿಡಿದ ಮೊಬೈಲಿನ ಇಕ್ಕಟ್ಟಿನಲ್ಲಿ ಕೂರಿಸಲು ಅದರ ಕಿರಿದಾದ ರೂಪ ಬಹಳ ಉಪಯುಕ್ತ. ಅದೇ ತಂಡದ ಬಾಲೂ ತಮ್ಮ ಮುದ್ದಾಗಿದೆ, ಆದರೆ ಹೋಟೆಲಿನಿಂದ ಹಿಡಿದು ಕೋಚಿಂಗ್ ಕ್ಲಾಸಿನವರೆಗೆ ಎಲ್ಲರೂ ಬಳಸಿ ಅದನ್ನು ಸವೆಸಿದ್ದಾರೆ. ಪುಸ್ತಕದ ಗಾಂಭೀರ್ಯ ಬೇಕಾದರೆ ತಿರೋ ಕನ್ನಡ, ಒಂದೇ ಎಳೆಯ ಗೆರೆ ಬೇಕಾದರೆ ಹುಬ್ಬಳ್ಳಿ ಎಂಬ ಹೆಸರಿನದೇ ಒಂದು ಇದೆ, ಸ್ವಲ್ಪ ವಿಚಿತ್ರವಾದ ಹಳೆಯ ಕೈಬರಹದ ಛಾಯೆ ಬೇಕಾದರೆ ಅಕಾಯಾ ಕನಡಕ. ಇವೆಲ್ಲ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ, ವ್ಯಾಪಾರಕ್ಕೂ ಬಳಸಬಹುದು. ನಿಮ್ಮ ಪುಟಕ್ಕೆ ಎರಡೇ ಸಾಕು: ಶೀರ್ಷಿಕೆಗೆ ಒಂದು, ವಿವರಕ್ಕೆ ಒಂದು. ಒಮ್ಮೆ ಆರಿಸಿದ ಮೇಲೆ ವರ್ಷವಾದರೂ ಬದಲಿಸಬೇಡಿ.

ಮೊಬೈಲೇ ಗತಿ

ಅಚ್ಚುಮೊಳೆ ಸರ್, ಒಂದು ಸಣ್ಣ ಅನುಮಾನ. ನಾನು ಚಿತ್ರದುರ್ಗದಲ್ಲಿ ಮಿಠಾಯಿ ಅಂಗಡಿಗಳಿಗೆ ಪೋಸ್ಟ್ ಮಾಡಿಕೊಡುತ್ತೇನೆ. ಪರಿಚಯದ ಡಿಟಿಪಿ ಅಂಗಡಿಯಿಂದ ಬರುವ ಪಠ್ಯವನ್ನು ಅಂಟಿಸಿದರೆ ಅಡ್ಡಾದಿಡ್ಡಿ ಇಂಗ್ಲಿಷ್ ಚಿಹ್ನೆಗಳು ಬರುತ್ತವೆ. ನಾನೇ ಟೈಪ್ ಮಾಡಿದರೆ ಕೆಲವು ಆ್ಯಪ್‌ಗಳಲ್ಲಿ ಒತ್ತಕ್ಷರ ಬಿಡಿಸಿಕೊಂಡು ‘ಕ್ಷ’ ಇರಬೇಕಾದಲ್ಲಿ ಅರ್ಧ ಕಕಾರದ ಪಕ್ಕ ಷಕಾರ ನಿಲ್ಲುತ್ತದೆ. ಇದಕ್ಕೇನು ಪರಿಹಾರ?

ಅಚ್ಚುಮೊಳೆ

ಎರಡೂ ಬೇರೆ ಬೇರೆ ರೋಗಗಳು. ಡಿಟಿಪಿ ಅಂಗಡಿಯವರು ಪೇಜ್‌ಮೇಕರ್ ಕಾಲದಿಂದ ನುಡಿ ಅಥವಾ ಶ್ರೀಲಿಪಿಯ ಹಳೆಯ ಅಕ್ಷರಗಳಲ್ಲಿ ಟೈಪ್ ಮಾಡುತ್ತಾರೆ. ಅವುಗಳಲ್ಲಿ ಇಂಗ್ಲಿಷ್ ಅಕ್ಷರದ ಸ್ಥಾನದಲ್ಲಿ ಕನ್ನಡದ ತುಂಡುಗಳನ್ನು ಕೂರಿಸಿರುವುದರಿಂದ ಅದೇ ಫಾಂಟ್ ಇಲ್ಲದ ಕಡೆ ಗೊಜ್ಜಾಗುತ್ತದೆ. ಎಲ್ಲ ಮೊಬೈಲು, ಗಣಕಗಳಿಗೂ ಅರ್ಥವಾಗುವ ಯೂನಿಕೋಡಿಗೆ ಪರಿವರ್ತಿಸುವ ಉಚಿತ ಸಾಧನಗಳಿವೆ, ಅವುಗಳ ಮೂಲಕ ಹಾಯಿಸಿ, ಆಮೇಲೆ ಅರ್ಕಾವತ್ತು ಬರುವ ‘ಕಾರ್ಯ’, ‘ಸೂರ್ಯ’ದಂಥ ಪದಗಳನ್ನು ಒಮ್ಮೆ ಕಣ್ಣಾರೆ ನೋಡಿ. ಎರಡನೆಯದು ಆ್ಯಪ್‌ನ ದೋಷ. ಲಿಪಿಯನ್ನು ಜೋಡಿಸುವ ಒಳಯಂತ್ರ ಅದರಲ್ಲಿಲ್ಲ. ಫೋಟೊಶಾಪ್‌ನ ಹಳೆಯ ಆವೃತ್ತಿಗಳಲ್ಲಿಯೂ ಇದೇ ತೊಂದರೆಯಿದೆ, ಅಲ್ಲಿ ಟೈಪ್ ಆಯ್ಕೆಗಳಿಗೆ ಹೋಗಿ ವರ್ಲ್ಡ್ ರೆಡಿ ಲೇಔಟ್ ಎಂಬುದನ್ನು ಆರಿಸಿದರೆ ಸರಿಯಾಗುತ್ತದೆ. ಹೊಸ ಆ್ಯಪ್ ಹಿಡಿಯುವಾಗ ‘ರಾಷ್ಟ್ರೀಯ’, ‘ಲಕ್ಷ್ಮಿ’, ‘ಸೂರ್ಯ’ ಮೂರನ್ನೂ ಟೈಪ್ ಮಾಡಿ ನೋಡಿ. ಮೂರೂ ಸರಿಯಾಗಿ ಬಂದರೆ ಆ ಆ್ಯಪ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ತೆಗೆದುಹಾಕಿ.

ಲೆಕ್ಕ ಕೇಳುವವನು

ಇಷ್ಟೆಲ್ಲ ಓದಿದ ಮೇಲೆ ಒಂದು ಅಪಸ್ವರ. ಇಳಕಲ್ ಮೇಡಂ ಅವರ ಸೀರೆ ಮಾರಾಟವಾಗುವುದು ಅಕ್ಷರದ ಸೀಳಿನಿಂದಲ್ಲ. ನಾನು ಕಂಡಂತೆ ಸಣ್ಣ ಊರುಗಳ ವ್ಯಾಪಾರ ಮುಗಿಯುವುದು ವಾಟ್ಸ್‌ಆ್ಯಪ್‌ನಲ್ಲಿ, ಅದೂ ಬೆಳಕು ಸರಿಯಿಲ್ಲದ ಒಂದು ಫೋಟೊ ಮತ್ತು ಒಂದು ಧ್ವನಿ ಸಂದೇಶದಿಂದ. ಶೈಲಿಗಳ ಹಿಂದೆ ಹೋದವರ ಪಾಡನ್ನು 2025ರ ಮಾರ್ಚ್‌ನಲ್ಲಿ ನೋಡಿದ್ದೇವೆ. ಚಾಟ್‌ಜಿಪಿಟಿಯಲ್ಲಿ ಜಪಾನಿನ ಘಿಬ್ಲಿ ಸ್ಟುಡಿಯೊ ಶೈಲಿಯ ಚಿತ್ರ ಬರತೊಡಗಿದ ಕೂಡಲೇ ಬ್ಯಾಂಕು, ಬಿಸ್ಕತ್ತು, ಸರ್ಕಾರಿ ಖಾತೆ ಎಲ್ಲರೂ ಅದನ್ನೇ ಹಾಕಿದರು. ಒಂದೆರಡು ವಾರದಲ್ಲಿ ಅದು ಹಳಸಿತು, ಯಾರ ಪೋಸ್ಟ್ ಯಾರದು ಎಂದು ಯಾರಿಗೂ ನೆನಪಿಲ್ಲ. ನವೆಂಬರ್ 1 ಬಂದರೆ ನಮ್ಮ ಬ್ರ್ಯಾಂಡ್‌ಗಳ ಗತಿಯೂ ಅದೇ: ಹಳದಿ ಕೆಂಪು ಪಟ್ಟೆ, ಕರ್ನಾಟಕದ ನಕ್ಷೆ, ಮೂಲೆಯಲ್ಲಿ ಲೋಗೊ. ಲೋಗೊ ಅದಲುಬದಲು ಮಾಡಿದರೂ ಗೊತ್ತಾಗುವುದಿಲ್ಲ. ಅಮುಲ್‌ನವರು 1960ರ ದಶಕದಿಂದ ಒಂದೇ ಹುಡುಗಿ, ಒಂದೇ ಬಗೆಯ ಗೆರೆ, ಒಂದು ಚುಟುಕು ಸಾಲು ಇಟ್ಟುಕೊಂಡು ಹೋರ್ಡಿಂಗ್‌ನಿಂದ ಮೊಬೈಲಿಗೆ ಬಂದಿದ್ದಾರೆ. ವಿನ್ಯಾಸ ಬದಲಿಸದೇ ಇರುವುದೂ ಒಂದು ವಿನ್ಯಾಸವೇ ಎಂದು ಯಾರೂ ಏಕೆ ಹೇಳುತ್ತಿಲ್ಲ?

ಜಯನಗರದ ವಿನ್ಯಾಸಕ

ಹೇಳುತ್ತಲೇ ಇದ್ದೇವೆ ಸ್ವಾಮಿ. ಅಮುಲ್‌ನಲ್ಲಿ ಬದಲಾಗದೆ ಇರುವುದು ಹುಡುಗಿಯ ರೂಪ ಮತ್ತು ಚೌಕಟ್ಟು, ಒಳಗಿನ ವಿಷಯ ಅವತ್ತಿನ ಸುದ್ದಿ. ಸಣ್ಣ ವ್ಯಾಪಾರಿ ಮಾಡಿಕೊಳ್ಳಬೇಕಾದ ವಿಂಗಡಣೆಯೂ ಇದೇ: ಯಾವುದು ಎಂದಿಗೂ ಬದಲಾಗುವುದಿಲ್ಲ, ಯಾವುದು ವಾರಕ್ಕೊಮ್ಮೆ ಬದಲಾಗಬಹುದು. ನಮ್ಮ ಮೈಸೂರು ಸ್ಯಾಂಡಲ್ ಸಾಬೂನಿನ ಪೆಟ್ಟಿಗೆಯನ್ನೇ ನೋಡಿ. ಆನೆಯ ತಲೆ, ಸಿಂಹದ ಮೈ ಇರುವ ಶರಭದ ಲಾಂಛನ, ಅಂಡಾಕಾರದ ಸಾಬೂನು, ಒಡವೆಪೆಟ್ಟಿಗೆಯಂಥ ಹೊದಿಕೆ ಇಂದಿಗೂ ದೂರದಿಂದಲೇ ಗುರುತು ಸಿಗುತ್ತವೆ. ಇಂಥ ಆಸ್ತಿ ಇದ್ದವರು ಅದನ್ನು ಮೊಬೈಲ್ ಪರದೆಗೆ ತಂದರೆ ಸಾಕು, ಹೊಸದನ್ನು ಹುಡುಕಬೇಕಾಗಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ವ್ಯಾಪಾರ ಮುಗಿಯುವುದು ನಿಜ, ಆದರೆ ಆ ಸಂಖ್ಯೆಗೆ ಸಂದೇಶ ಕಳಿಸುವ ಮೊದಲು ಜನ ಪುಟವನ್ನು ನೋಡಿಯೇ ನಂಬುತ್ತಾರೆ.

ಕುಂಚದ ಮನೆಯವನು

ನಮ್ಮ ತಂದೆ ಹುಬ್ಬಳ್ಳಿಯಲ್ಲಿ ಬೋರ್ಡ್ ಬರೆಯುತ್ತಿದ್ದರು. ಸೀಮೆಸುಣ್ಣ ಹಚ್ಚಿದ ದಾರವನ್ನು ಎರಡೂ ಕಡೆ ಎಳೆದು ಹಿಡಿದು ನಡುವೆ ಮೀಟಿದರೆ ತಗಡಿನ ಮೇಲೆ ನೇರವಾದ ಗೆರೆ ಮೂಡುತ್ತಿತ್ತು, ಅಂಥ ಮೂರು ಗೆರೆ ಹಾಕಿಕೊಂಡು ಬರೆಯುತ್ತಿದ್ದರು. ಒಂದು ಗೆರೆ ತಲೆಕಟ್ಟಿಗೆ, ಒಂದು ಅಕ್ಷರದ ಪಾದಕ್ಕೆ, ಮೂರನೆಯದು ಒತ್ತಕ್ಷರಕ್ಕೆ. ಅಚ್ಚುಮೊಳೆಯವರು ಹೇಳಿದ ಸಾಲಂತರದ ಲೆಕ್ಕ ಆ ಮೂರನೆಯ ಗೆರೆಯಲ್ಲಿತ್ತು. ಅಂಗಡಿಯ ಹೆಸರಿನಲ್ಲಿ ಒತ್ತು ಇಲ್ಲದಿದ್ದರೆ ಆ ಜಾಗದಲ್ಲಿ ‘ಪ್ರೊ’ ಎಂದು ಮಾಲೀಕರ ಹೆಸರು ಬರುತ್ತಿತ್ತು. ಕೆಂಪಕ್ಷರಕ್ಕೆ ಹಳದಿ ಶೇಡ್, ನೀಲಿಗೆ ಬಿಳಿ ಶೇಡ್, ದೂರದ ಬಸ್ಸಿನಿಂದಲೂ ಓದಲು ಬರಬೇಕು ಎನ್ನುವುದೇ ಆಗಿನ ಪರೀಕ್ಷೆ.

ಫ್ಲೆಕ್ಸ್ ಬಂದ ಮೇಲೆ ಆ ಕೆಲಸ ಹೋಯಿತು. ಬೆಂಗಳೂರಿನಲ್ಲಿ 2018ರ ಆಗಸ್ಟ್‌ನಲ್ಲಿ ಹೈಕೋರ್ಟ್ ಚಾಟಿ ಬೀಸಿ ಫ್ಲೆಕ್ಸ್‌ಗಳನ್ನು ತೆಗೆಸಿದಾಗ ಕುಂಚದವರಿಗೆ ಕೆಲಸ ಮರಳೀತು ಎಂದು ಮನೆಯಲ್ಲಿ ಮಾತಾಡಿಕೊಂಡಿದ್ದೆವು. ಅದು ಮರಳಲಿಲ್ಲ, ಪೋಸ್ಟರ್‌ಗಳೆಲ್ಲ ಮೊಬೈಲಿಗೆ ಹೋದವು. ಆದರೆ ಈಗ ಮೂರು ನಾಲ್ಕು ಕಾಫಿ ಅಂಗಡಿಗಳು ಮತ್ತು ಒಂದು ಉಪ್ಪಿನಕಾಯಿ ಬ್ರ್ಯಾಂಡ್‌ನವರು ನನ್ನಿಂದ ಕೈಯಲ್ಲಿ ಹೆಸರು ಬರೆಸಿಕೊಂಡು, ಸ್ಕ್ಯಾನ್ ಮಾಡಿ, ಅದನ್ನೇ ಪ್ರೊಫೈಲ್ ಚಿತ್ರವಾಗಿಯೂ ರೀಲ್‌ನ ಮುಖಪುಟವಾಗಿಯೂ ಬಳಸುತ್ತಿದ್ದಾರೆ. ಇಳಕಲ್ ಅಕ್ಕ, ನಿಮ್ಮ ಕಡೆಯೂ ಬೋರ್ಡ್ ಬರೆಯುತ್ತಿದ್ದ ಹಿರಿಯರು ಒಬ್ಬರಾದರೂ ಇರುತ್ತಾರೆ. ಅವರಿಂದ ನಿಮ್ಮ ಹೆಸರನ್ನು ಕಪ್ಪು ಎನಾಮೆಲ್‌ನಲ್ಲಿ ಬಿಳಿ ಹಾಳೆಯ ಮೇಲೆ ಬರೆಸಿ, ಕೊಡಬೇಕಾದ ಕೂಲಿ ಕೊಟ್ಟು, ಅದನ್ನು ಸ್ಕ್ಯಾನ್ ಮಾಡಿಸಿ. ಯಾವ ಫಾಂಟಿನಲ್ಲೂ ಸಿಗದ ಗುರುತು ಅದು.

ಇಳಕಲ್ ಮಗ್ಗ

ಇಷ್ಟು ವಿವರವಾದ ಉತ್ತರಗಳಿಗೆ ಎಲ್ಲರಿಗೂ ಧನ್ಯವಾದ. ಎಐ ಚಿತ್ರಗಳ ಬಗ್ಗೆ ಯಾರೂ ನೇರವಾಗಿ ಹೇಳದ ಕಾರಣ ನಾನು ಕಂಡದ್ದನ್ನು ಬರೆಯುತ್ತೇನೆ. ಆ ಸಂಸ್ಥೆಯವರು ನಮ್ಮ ಒಂದು ಸೀರೆಯ ಫೋಟೊ ಕೊಟ್ಟು, ಅದನ್ನು ಉಟ್ಟ ರೂಪದರ್ಶಿಯ ಚಿತ್ರವನ್ನು ಯಂತ್ರದಿಂದ ಮಾಡಿಸಿ ತೋರಿಸಿದರು. ಹುಡುಗಿ ಚೆನ್ನಾಗಿದ್ದಳು, ಹಿಂದೆ ಬಾದಾಮಿಯ ಬಂಡೆಯಂಥದ್ದೇನೋ ಇತ್ತು, ಆದರೆ ಸೀರೆ ನಮ್ಮದಲ್ಲ. ಇಳಕಲ್ಲಿನ ಟೋಪ್ ತೆನಿ ಸೆರಗಿನಲ್ಲಿ ಕೆಂಪು ಪಟ್ಟಿಗಳ ನಡುವೆ ಬಿಳಿ ಪಟ್ಟಿ ಬಂದು, ಕೂಡುವ ಜಾಗದಲ್ಲಿ ಹಣಿಗೆಯ ಹಲ್ಲಿನಂಥ ಅಥವಾ ಜೋಳದ ತೆನೆಯಂಥ ಆಕೃತಿ ಏಳುತ್ತದೆ. ಚಿತ್ರದಲ್ಲಿ ಹಲ್ಲುಗಳು ಒಂದು ಕಡೆ ಚೂಪು, ಇನ್ನೊಂದು ಕಡೆ ಮೊಂಡಾಗಿ, ಮಡಿಕೆಯ ಹತ್ತಿರ ಕರಗಿಯೇ ಹೋಗಿದ್ದವು. ಒಡಲಿನ ಹಾಸನ್ನೂ (ಉದ್ದನೆಯ ಎಳೆಗಳು) ಸೆರಗಿನ ಹಾಸನ್ನೂ ಕೊಂಡಿ ಹಾಕಿ ಸೇರಿಸುವ ಗೆರೆ ನಮ್ಮ ಸೀರೆಯ ಗುರುತು, ಅದು ಅಲ್ಲಿ ಇರಲೇ ಇಲ್ಲ. ಗೋಮಿ ಎಂಬ ನಮ್ಮ ಸಾಂಪ್ರದಾಯಿಕ ಅಂಚು ಇರಬೇಕಾದಲ್ಲಿ ಯಾವುದೋ ಜರಿಯ ಅಂಚಿತ್ತು. ಮನೆಯಲ್ಲಿ ಅತ್ತೆಯವರು ನೋಡಿ, ಇದು ಯಾರ ಮಗ್ಗದ್ದು ಎಂದು ಕೇಳಿದರು. ಹೀಗಿರುವಾಗ ಕೊಳ್ಳುವವರಿಗೆ ಇದನ್ನು ತೋರಿಸುವುದು ಸರಿಯೇ?

ಗ್ರಾಹಕ ಪಕ್ಷ

ಸರಿಯಲ್ಲ, ಕಾನೂನಿನ ದೃಷ್ಟಿಯಿಂದಲೂ ಅಪಾಯವಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸರಕಿನ ಸ್ವರೂಪವನ್ನು ತಪ್ಪಾಗಿ ವರ್ಣಿಸುವ ಜಾಹೀರಾತು ದಾರಿತಪ್ಪಿಸುವ ಜಾಹೀರಾತು ಎನಿಸಿಕೊಳ್ಳುತ್ತದೆ. 2022ರಲ್ಲಿ ಬಂದ ಮಾರ್ಗಸೂಚಿಗಳು ಇದನ್ನು ಇನ್ನಷ್ಟು ಬಿಗಿಗೊಳಿಸಿವೆ. ಮಾರುವ ವಸ್ತುವಿನ ಚಿತ್ರ ಆ ವಸ್ತುವಿನದೇ ಆಗಿರಲಿ. ಹಬ್ಬದ ಶುಭಾಶಯದ ಹಿನ್ನೆಲೆಗೋ ಅಲಂಕಾರಕ್ಕೋ ಎಐ ಬಳಸಿದರೆ ಅಭ್ಯಂತರವಿಲ್ಲ, ಆದರೆ ಅದರೊಳಗೆ ಕನ್ನಡ ಬರೆಸಲು ಹೋಗಬೇಡಿ. ಈ ಯಂತ್ರಗಳು ಬರೆಯುವ ಕನ್ನಡ ಎಷ್ಟೋ ಸಲ ಕನ್ನಡದಂತೆ ಕಾಣುವ ಆದರೆ ಓದಲು ಬಾರದ ಗೆರೆಗಳಾಗಿರುತ್ತವೆ. ಅಕ್ಷರವನ್ನು ಆಮೇಲೆ ನೀವೇ ಕೂರಿಸಿ.

ಸ್ಯಾನ್ ಹೋಸೆಯ ಕನ್ನಡತಿ

ಕೊಳ್ಳುವವಳಾಗಿ ಒಂದು ಮಾತು. ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ, ಊರು ಗದಗ. ನನ್ನ ಕಣ್ಣು ನಿಲ್ಲುವುದು ಕನ್ನಡ ಅಕ್ಷರ ಕಂಡಲ್ಲಿ, ಏಕೆಂದರೆ ನನ್ನ ಮೊಬೈಲಿನಲ್ಲಿ ಹರಿದು ಹೋಗುವ ಉಳಿದೆಲ್ಲವೂ ಇಂಗ್ಲಿಷ್. ಆದರೆ ಇಲ್ಲಿ ಬೆಳೆದ ನನ್ನ ಮಗಳು ಕನ್ನಡ ಮಾತಾಡುತ್ತಾಳೆಯೇ ಹೊರತು ಓದುವುದಿಲ್ಲ, ಮುಂದೆ ಸೀರೆ ಕೊಳ್ಳುವವಳು ಅವಳೇ. ಆದ್ದರಿಂದ ದೊಡ್ಡದಾಗಿ ಕನ್ನಡ, ಕೆಳಗೆ ಸಣ್ಣದಾಗಿ ಇಂಗ್ಲಿಷ್ ಇರಲಿ ಎಂದು ನನ್ನ ಕೋರಿಕೆ. 2024ರ ಮಾರ್ಚ್‌ನಲ್ಲಿ ಆರ್‌ಸಿಬಿಯವರು ಹೆಸರಿನಲ್ಲಿ ಬೆಂಗಳೂರು ಎಂದು ತಿದ್ದಿಕೊಂಡಾಗ ‘ಹೊಸ ಅಧ್ಯಾಯ’ ಎಂದು ಕನ್ನಡದಲ್ಲೇ ಸಾರಿದರು. ಕನ್ನಡ ಬಾರದ ಅಭಿಮಾನಿಗಳೂ ಅದನ್ನು ಹಾಗೆಯೇ ಹಂಚಿಕೊಂಡರು. ಓದಲು ಬಾರದವರಿಗೂ ಅಕ್ಷರದ ಆಕಾರ ಎಲ್ಲಿಯದು ಎಂದು ತಿಳಿಯುತ್ತದೆ. ಇನ್ನೊಂದು, ಕೆಂಪು ಸೀರೆಯ ಬಣ್ಣ ಫೋಟೊದಲ್ಲಿ ಒಂದು, ಪಾರ್ಸೆಲ್ ಬಿಚ್ಚಿದಾಗ ಇನ್ನೊಂದು ಇರುವುದು ನಮ್ಮ ದೊಡ್ಡ ದೂರು.

ಜಯನಗರದ ವಿನ್ಯಾಸಕ

ಕೆಂಪಿನ ತೊಂದರೆ ಮೊಬೈಲ್ ಕ್ಯಾಮೆರಾಗಳದ್ದು. ಗಾಢ ಕೆಂಪಿನಲ್ಲಿ ಬೆಳಕು ಹೆಚ್ಚಾದ ಕೂಡಲೇ ಎಳೆಗಳ ವಿವರವೆಲ್ಲ ಅಳಿಸಿ ಬರೀ ಕೆಂಪು ಬಳಿದಂತೆ ಬರುತ್ತದೆ. ನೇರ ಬಿಸಿಲು ಬೇಡ, ಪಡಸಾಲೆಯ ನೆರಳಿನಲ್ಲಿ ಬಾಗಿಲ ಕಡೆಯ ಬೆಳಕಿಗೆ ಹಿಡಿದು, ಕ್ಯಾಮೆರಾದಲ್ಲಿ ಬೆಳಕನ್ನು ಸ್ವಲ್ಪ ತಗ್ಗಿಸಿ ತೆಗೆಯಿರಿ, ಫಿಲ್ಟರ್ ಹಾಕಲೇಬೇಡಿ. ಪಕ್ಕದಲ್ಲಿ ಒಂದು ಬಿಳಿ ಹಾಳೆ ಇಟ್ಟು ತೆಗೆದರೆ ಆಮೇಲೆ ಬಣ್ಣ ಸರಿಪಡಿಸಲು ಆಧಾರ ಸಿಗುತ್ತದೆ. ಇನ್ನು ಸೆರಗಿನ ಕೆಂಪಿನ ಮೇಲೆ ಅಕ್ಷರ ಬರೆಯುವುದಾದರೆ ಬಿಳಿ ಅಥವಾ ಕೆನೆಬಣ್ಣ ಸರಿ, ಕಪ್ಪು ಬೇಡ. ಸಾಮಾನ್ಯ ಗಾತ್ರದ ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ಬೆಳಕಿನ ಅಂತರ ಇರಬೇಕೆಂಬುದು ಜಾಲತಾಣಗಳ ಓದುಸುಲಭತೆಯ ಅಂತರರಾಷ್ಟ್ರೀಯ ಮಾನದಂಡ. ಅಳೆದು ಹೇಳುವ ಉಚಿತ ಸಾಧನಗಳು ಬೇಕಾದಷ್ಟಿವೆ.

ಸಾಲು ಚಿತ್ರಗಳ ಪೋಸ್ಟನ್ನೂ ಮರೆಯಬೇಡಿ. 2017ರಲ್ಲಿ 10 ಚಿತ್ರಕ್ಕೆ ಅವಕಾಶವಿತ್ತು, 2024ರಿಂದ 20 ಹಾಕಬಹುದು. ಹಾಸು ಹೂಡುವುದು, ಕೊಂಡಿ ಹಾಕುವುದು, ಸೆರಗು ಏಳುವುದು, ಕೊನೆಗೆ ಮಗ್ಗದಿಂದ ಇಳಿಸುವುದು ಎಂದು ಒಂದು ಸೀರೆಯ ಕಥೆಯನ್ನು ಹಾಗೆ ಜೋಡಿಸಿದರೆ ಅದನ್ನು ನಕಲು ಮಾಡುವುದು ಇನ್ನೊಬ್ಬರಿಗೆ ಸುಲಭವಲ್ಲ.

ಲೆಕ್ಕ ಕೇಳುವವನು

ಇದನ್ನು ಒಪ್ಪುತ್ತೇನೆ. ಆದರೆ 20 ಚಿತ್ರ ಹಾಕಬಹುದು ಎಂದು 20 ಹಾಕಬೇಡಿ, ಏಳೆಂಟರ ಮೇಲೆ ನನ್ನಂಥವನು ಸರಿಸುವುದಿಲ್ಲ.

ಅಚ್ಚುಮೊಳೆ

ಕುಣಿಯುವ ಅಕ್ಷರಗಳ ಬಗ್ಗೆ ಮೊದಲ ಪ್ರಶ್ನೆಯಲ್ಲಿ ಕೇಳಿದ್ದೀರಿ, ಅದಕ್ಕೆ ಉತ್ತರ ಬಾಕಿ ಉಳಿಯಿತು. ಅಕ್ಷರಗಳು ಒಂದೊಂದಾಗಿ ಹಾರಿ ಬಂದು ಕೂರುವ ಚಲನೆ ಇಂಗ್ಲಿಷಿಗಾಗಿ ಮಾಡಿದ್ದು. ಅದೇ ಗುಂಡಿಯನ್ನು ಕನ್ನಡಕ್ಕೆ ಒತ್ತಿದರೆ ಹಲವು ಆ್ಯಪ್‌ಗಳು ‘ಹಬ್ಬ’ ಎಂಬುದನ್ನು ಹ, ಬ, ಅಕ್ಷರವನ್ನು ಅರ್ಧವಾಗಿಸುವ ಚಿಹ್ನೆ, ಮತ್ತೆ ಬ ಎಂದು ಸೀಳುತ್ತವೆ. ಕ್ಷಣಕಾಲ ಪರದೆಯ ಮೇಲೆ ಚುಕ್ಕೆಗಳ ವೃತ್ತವೊಂದು ಕಾಣಿಸಿಕೊಳ್ಳುವುದು ಇದರಿಂದಲೇ. ಗುಣಿತ ಮತ್ತು ಒತ್ತು ಅಕ್ಷರವನ್ನು ಬಿಟ್ಟು ಒಂಟಿಯಾಗಿ ಬರಬಾರದು. ಅದಕ್ಕೆ ಎರಡು ದಾರಿ. ಆ್ಯಪ್‌ನಲ್ಲಿ ಪದಕ್ಕೊಂದರಂತೆ ಚಲನೆ ಎಂಬ ಆಯ್ಕೆಯಿದ್ದರೆ ಅದನ್ನು ಬಳಸಿ. ಇಲ್ಲದಿದ್ದರೆ ಸಾಲನ್ನು ಪಾರದರ್ಶಕ ಚಿತ್ರವಾಗಿ ಉಳಿಸಿಕೊಂಡು, ಆ ಚಿತ್ರವನ್ನೇ ಎಡದಿಂದ ಬಲಕ್ಕೆ ನಿಧಾನವಾಗಿ ಬಿಚ್ಚುತ್ತಾ ಹೋಗಿ. ಲಾಳಿ ಒಂದು ಕಡೆಯಿಂದ ಇನ್ನೊಂದು ಕಡೆಗೆ ಓಡುವ ದೃಶ್ಯದ ಮೇಲೆ ಅದೇ ವೇಗದಲ್ಲಿ ಹೆಸರು ಬಿಚ್ಚಿಕೊಂಡರೆ ನಿಮಗೆ ಬೇರೆ ಕುಣಿತ ಬೇಕಾಗುವುದಿಲ್ಲ.

ಚಿತ್ರದಲ್ಲಿರುವ ಕನ್ನಡವನ್ನು ಕೆಳಗಿನ ವಿವರಣೆಯಲ್ಲೂ ಯೂನಿಕೋಡ್‌ನಲ್ಲಿ ಒಮ್ಮೆ ಟೈಪ್ ಮಾಡಿ, ಚಿತ್ರದ ಬದಲಿಪಠ್ಯದಲ್ಲಿಯೂ (ಆಲ್ಟ್ ಟೆಕ್ಸ್ಟ್) ಸೀರೆಯ ಬಣ್ಣ, ಅಂಚು, ಸೆರಗಿನ ಹೆಸರು ಬರೆಯಿರಿ. ಕಣ್ಣು ಕಾಣದವರ ಮೊಬೈಲ್ ಅದನ್ನು ಓದಿ ಹೇಳುತ್ತದೆ. 2025ರ ಜುಲೈನಿಂದ ಇನ್‌ಸ್ಟಾಗ್ರಾಂನ ವೃತ್ತಿಪರ ಖಾತೆಗಳ ಪೋಸ್ಟ್‌ಗಳು ಗೂಗಲ್‌ನಂಥ ಹುಡುಕಾಟಗಳಲ್ಲೂ ಕಾಣಿಸಿಕೊಳ್ಳಬಹುದಾಗಿದೆ, ‘ಗೋಮಿ ಅಂಚಿನ ಇಳಕಲ್ ಸೀರೆ’ ಎಂದು ಕನ್ನಡದಲ್ಲಿ ಹುಡುಕುವವರಿಗೆ ನೀವು ಸಿಗುವುದು ಹೀಗೆಯೇ.

ಇಳಕಲ್ ಮಗ್ಗ

ಮನೆಯವರೊಂದಿಗೆ ಕುಳಿತು ಹೀಗೆ ನಿಶ್ಚಯಿಸಿದ್ದೇವೆ. ಕೆನೆಬಣ್ಣದ ಹಿನ್ನೆಲೆಯನ್ನು ಬಿಟ್ಟು ಗಿರಿ ಕುಂಕುಮ ಮತ್ತು ಬಿಳಿ ಎರಡನ್ನೇ ನಮ್ಮ ಬಣ್ಣವಾಗಿ ಇಟ್ಟುಕೊಳ್ಳುತ್ತೇವೆ. ಎಲ್ಲ ಪೋಸ್ಟ್‌ಗಳ ಕೆಳ ಅಂಚಿಗೆ ಟೋಪ್ ತೆನಿಯ ಹಲ್ಲುಗಳ ಒಂದು ಪಟ್ಟಿ ಬರುತ್ತದೆ, ಅದನ್ನು ಗಣಕದಲ್ಲಿ ಬಿಡಿಸದೆ ನಮ್ಮದೇ ಸೀರೆಯೊಂದರ ಸೆರಗನ್ನು ಸ್ಕ್ಯಾನ್ ಮಾಡಿ ತೆಗೆದುಕೊಳ್ಳುತ್ತೇವೆ. ಬೋರ್ಡ್ ಬರೆಯುತ್ತಿದ್ದ ಹಿರಿಯರೊಬ್ಬರು ಹುನಗುಂದದಲ್ಲಿ ಸಿಕ್ಕಿದ್ದಾರೆ, ಹೆಸರು ಅವರ ಕೈಯಿಂದಲೇ ಬರುತ್ತದೆ. ವಿವರಕ್ಕೆ ಅನೇಕ್ ಕನ್ನಡ, ಇಂಗ್ಲಿಷ್ ಸಾಲು ಅದರ ಕೆಳಗೆ. ಎಐ ರೂಪದರ್ಶಿ ಬೇಡವೆಂದು ಆ ಸಂಸ್ಥೆಗೆ ತಿಳಿಸಿದ್ದೇವೆ, ಉಡುವವರು ನಮ್ಮ ಓಣಿಯಲ್ಲೇ ಇದ್ದಾರೆ. ಉಳಿದಿರುವುದು ಒಂದೇ ಪ್ರಶ್ನೆ: ಅಂಚು ಕತ್ತರಿಸಿಹೋದ ಹಳೆಯ ಪೋಸ್ಟ್‌ಗಳನ್ನು ಅಳಿಸಿಬಿಡಬೇಕೇ?

ಜಯನಗರದ ವಿನ್ಯಾಸಕ

ಅಳಿಸಬೇಡಿ. ಅವುಗಳ ಕೆಳಗೆ ಗ್ರಾಹಕರು ಬರೆದ ಮಾತುಗಳಿವೆ, ಹೊಸದಾಗಿ ಬರುವವರು ನಂಬುವುದು ಅವನ್ನು ಓದಿಯೇ. ಪೋಸ್ಟನ್ನು ಒತ್ತಿ ತೆರೆದರೆ ಚಿತ್ರ ಪೂರ್ತಿಯಾಗಿಯೇ ಕಾಣುತ್ತದೆ, ಕತ್ತರಿಸುವುದು ಪ್ರೊಫೈಲ್ ಪುಟದ ಕಿಂಡಿಯಲ್ಲಿ ಮಾತ್ರ. ಬೆಲೆ ಹಳತಾಗಿ ಗೊಂದಲ ಮಾಡುವಂಥವನ್ನು ಆರ್ಕೈವ್‌ಗೆ ಸರಿಸಿ, ಬೇಕಾದಾಗ ಮರಳಿ ತರಬಹುದು. ಹೊಸ ಅಳತೆಯಲ್ಲಿ ಮಾಡಿದ ಮೂರು ಪೋಸ್ಟ್‌ಗಳನ್ನು ಮೇಲೆ ಪಿನ್ ಮಾಡಿಡಿ: ಒಂದರಲ್ಲಿ ಸೆರಗಿನ ಸಮೀಪದ ಚಿತ್ರ, ಒಂದರಲ್ಲಿ ಮಗ್ಗ, ಒಂದರಲ್ಲಿ ಬೆಲೆ, ಕಳಿಸುವ ಖರ್ಚು ಮತ್ತು ವಾಟ್ಸ್‌ಆ್ಯಪ್ ಸಂಖ್ಯೆ.